ಎಡಗಾಲು

ಗೇರಣ್ಣನ ಎಡಗಾಲು ಬಲಗಾಲಿಗಿಂತ ದಪ್ಪ. ಮೂವತ್ತು ವರ್ಷ ಸಿಮೆಂಟ್ ಗಾಡಿಯ ಕ್ಲಚ್ ತುಳಿದರೆ ಯಾರ ಕಾಲಾದರೂ ಹಾಗಾಗುತ್ತದೆ. ನಾನೂ ಅದೇ ಕಂಪನಿಯಲ್ಲಿ ಡ್ರೈವರ್, ನನ್ನದೂ ಹಾಗೇ ಇದೆ. ಗೇರು ಬದಲಿಸಿದ್ದು ಯಾರಿಗೂ ಗೊತ್ತಾಗದ ಹಾಗೆ ಓಡಿಸುತ್ತಿದ್ದ, ಅದಕ್ಕೇ ಅವನಿಗೆ ಆ ಹೆಸರು. ಸಂಜೆ ಶೆಡ್ಡಿನಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಂಡೇ ಮನೆಗೆ ಹೊರಡುತ್ತಿದ್ದ.

"ನಿಮ್ಮ ಗೆಳೆಯರು ನಿದ್ದೇಲೂ ಗಾಡಿ ಓಡಿಸ್ತಾರೆ ಕಣಣ್ಣ," ಎನ್ನುತ್ತಿದ್ದಳು ಅವನ ಹೆಂಡತಿ. "ಅವರು ಕ್ಲಚ್ ತುಳೀತಾರೆ, ಒದೆ ತಿನ್ನೋಳು ನಾನು."

ಹೊಸ ಗಾಡಿಗಳು ಬಂದ ದಿನ ಮ್ಯಾನೇಜರ್ ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿದ. ಡೀಸೆಲ್ ಕಾಲ ಮುಗಿಯಿತು, ಇವು ಬ್ಯಾಟರಿಯವು, ಹೊಗೆಯಿಲ್ಲ, ಸದ್ದಿಲ್ಲ ಎಂದ.

"ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಎರಡೇ ಪೆಡಲ್. ಒಂದು ಹೋಗೋಕೆ, ಒಂದು ನಿಲ್ಲೋಕೆ. ಎರಡಕ್ಕೂ ಬಲಗಾಲೇ."

ಒಬ್ಬೊಬ್ಬರಿಗೆ ಅಂಗಳದಲ್ಲಿ ಒಂದು ಸುತ್ತು. ಕಲಿಸಿದ್ದು ಅಷ್ಟೇ. ಆದರೂ ಗೇರಣ್ಣನಿಗೆ ಖುಷಿಯಾಗಿತ್ತು. "ಇನ್ನು ನನ್ನ ಮಂಡಿ ಬದುಕ್ತು," ಎಂದ.

ಆದರೆ ಹಳೇ ಗಾಡಿಗಳನ್ನು ಕಂಪನಿ ಬಿಡಲಿಲ್ಲ. ಹೊಸವು ಚಾರ್ಜಿಗೆ ನಿಂತಾಗ ಹಳೆಯವು ಓಡಬೇಕು. ಬೆಳಿಗ್ಗೆ ಕ್ಲಚ್ ಇರುವ ಗಾಡಿ, ಮಧ್ಯಾಹ್ನ ಇಲ್ಲದ ಗಾಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಡುವೆ ಸಿಕ್ಕಿದ್ದು ನಮ್ಮ ಕಾಲು. ಹೊಸ ಗಾಡಿಯ ಬ್ರೇಕ್ ಪೆಡಲ್ ಅಗಲ, ಕ್ಲಚ್ ಇರಬೇಕಾದ ಕಡೆಗೇ ಚಾಚಿಕೊಂಡಿದೆ. ನಮಗೆಲ್ಲ ಒಂದಲ್ಲ ಒಂದು ಸಲ ಎಡಗಾಲು ಅದರ ಮೇಲೆ ಹೋಗಿತ್ತು. ಗಾಡಿ ಖಾಲಿ ಇತ್ತು, ಏನೂ ಆಗಲಿಲ್ಲ ಎಂದು ನಕ್ಕು ಸುಮ್ಮನಾಗಿದ್ದೆವು.

ಗೇರಣ್ಣ ನಗಲಿಲ್ಲ. ಮ್ಯಾನೇಜರ್ ಹತ್ತಿರ ಹೋದ.

"ಸಾರ್, ಒಬ್ಬರಿಗೆ ಒಂದೇ ತರದ ಗಾಡಿ ಕೊಡಿ. ಹಳೇದಾದ್ರೆ ಹಳೇದು, ಹೊಸದಾದ್ರೆ ಹೊಸದು. ಕಾಲಿಗೆ ತಿಳೀತಿಲ್ಲ."

"ಕೇಳಿದ್ದು ಕೊಡೋಕೆ ಇದೇನು ನಿನ್ನ ಮಾವನ ಮನೆಯಾ? ಆಗಲ್ಲ ಅಂದ್ರೆ ಹೇಳು. ಗೇರು ಅಂದ್ರೇನು ಅಂತ ಗೊತ್ತಿಲ್ಲದೋರೂ ಈಗ ಓಡಿಸ್ತಾರೆ. ಗೇಟಿನ ಹೊರಗೆ ಕಾಯ್ತಿದ್ದಾರೆ."

ಗೇರಣ್ಣ ತಲೆ ತಗ್ಗಿಸಿ ಬಂದ. ಅವನ ಮನೆಯಲ್ಲಿ ದುಡಿಯುವವರು ಇಬ್ಬರು, ಅವನು ಮತ್ತು ಅವನ ಹೆಂಡತಿಯ ತಮ್ಮ. ಆ ಭಾವಮೈದ ಗೇರಣ್ಣನ ಗಾಡಿಯಲ್ಲೇ ಮೂಟೆ ಹೊರುತ್ತಿದ್ದ. ಗಾಡಿಯ ಹಿಂಭಾಗದಲ್ಲಿ ಮೂಟೆಗಳ ನಡುವೆಯೇ ಕೂತು ಬರುತ್ತಿದ್ದ.

ಒಂದು ಮಧ್ಯಾಹ್ನ ಹೊಸ ಗಾಡಿ ಓಡಿಸುವಾಗ ರಸ್ತೆಯಲ್ಲಿ ತಿರುವು ಬಂತು. ತಿರುವಿನಲ್ಲಿ ಗೇರು ಇಳಿಸಬೇಕು. ಗೇರಣ್ಣನ ಕೈ ಅಲ್ಲಿಲ್ಲದ ಗೇರನ್ನು ಹುಡುಕಿತು, ಎಡಗಾಲು ಕ್ಲಚ್ ಎಂದುಕೊಂಡು ಬ್ರೇಕನ್ನು ಪೂರ್ತಿ ತುಳಿಯಿತು. ಗಾಡಿ ನಿಂತಿತು. ಮೂಟೆಗಳು ನಿಲ್ಲಲಿಲ್ಲ. ಭಾವಮೈದನ ಸೊಂಟ ಅವುಗಳ ಅಡಿಗೆ ಸಿಕ್ಕಿತು.

ಆಸ್ಪತ್ರೆಯಲ್ಲಿ ಅವನು ಕೇಳಿದ, "ಏನಾದ್ರೂ ಅಡ್ಡ ಬಂತಾ ಭಾವ?"

"ಇಲ್ಲ ಕಣೋ. ಏನೂ ಬರಲಿಲ್ಲ."

ಅವನ ಅಕ್ಕ ಗಂಡನ ಎಡಗಾಲನ್ನೇ ನೋಡುತ್ತಾ ನಿಂತಿದ್ದಳು. ಪಕ್ಕದಲ್ಲಿದ್ದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆಫೀಸಿನಲ್ಲಿ ಮ್ಯಾನೇಜರ್, ಹೊಸ ಗಾಡಿ ತಾನೇ ದಾಖಲಿಸಿದ್ದನ್ನು ತೋರಿಸುವ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ರಸ್ತೆ ಖಾಲಿ. ಬ್ರೇಕ್ ಪೂರ್ತಿ ತುಳಿದಿದ್ದೀಯ. ಗಾಡೀನೇ ಹೇಳ್ತಿದೆ. ತಪ್ಪು ನಿಂದು, ಆಸ್ಪತ್ರೇನೂ ನಿಂದೇ."

"ಬೆಳಿಗ್ಗೆ ನನಗೆ ಕ್ಲಚ್ ಗಾಡಿ ಕೊಟ್ಟಿದ್ರಲ್ಲ, ಅದನ್ನೂ ಹೇಳುತ್ತಾ ಸಾರ್?"

"ಇನ್ನೊಂದು ಸಲ ಹೀಗಾದ್ರೆ ನಿನಗೆ ಕೆಲಸ ಇಲ್ಲ," ಎಂದ ಮ್ಯಾನೇಜರ್.

ಮಾರನೇ ದಿನ ಗೇರಣ್ಣ ಹಳೇ ಹೊದಿಕೆಯ ಒಂದು ಪಟ್ಟಿ ತಂದ. ಹೊಸ ಗಾಡಿ ಹತ್ತಿ ತನ್ನ ಎಡಗಾಲನ್ನು ಸೀಟಿನ ಕಬ್ಬಿಣಕ್ಕೆ ಬಿಗಿದ. "ಹೆಂಡ್ತೀನೇ ಹರಿದು ಕೊಟ್ಟಳು," ಎಂದ, ನನ್ನ ಮುಖ ನೋಡದೆ.

ಮ್ಯಾನೇಜರ್ ಅದನ್ನು ನೋಡಿದ. ಈಗಲಾದರೂ ನಾಚಿಕೆಯಾಗುತ್ತದೆ ಅಂದುಕೊಂಡೆವು. ಅವನು ಬಗ್ಗಿ ಗಂಟನ್ನು ಎಳೆದು ನೋಡಿದ. "ಒಳ್ಳೇ ಐಡಿಯಾ," ಎಂದ. ಮುಂದಿನ ವಾರ ಎಲ್ಲ ಹೊಸ ಗಾಡಿಗೂ ಬಕಲ್ ಇರುವ ಬೆಲ್ಟ್ ಬಂತು. ಎಡಗಾಲು ಕಟ್ಟಿಕೊಳ್ಳದೆ ಯಾರೂ ಗಾಡಿ ತೆಗೆಯುವಂತಿಲ್ಲ.

ನಾನು ಕೇಳಿದೆ, "ಕಾಲು ಕಟ್ಟೋಕೆ ನಾವೇನು ದನವಾ ಸಾರ್?"

"ಮೊದಲು ಕಟ್ಟಿಕೊಂಡೋನು ನಿಮ್ಮವನೇ ಅಲ್ವಾ," ಎಂದ. ನಾನು ಬಗ್ಗಿ ಬಕಲ್ ಹಾಕಿಕೊಂಡೆ.

ಕೆಲವು ವಾರ ಕಳೆದು ಭಾವಮೈದ ಕೋಲೂರಿಕೊಂಡು ಗೇಟಿಗೆ ಬಂದ. ಮೂಟೆ ಎಣಿಸುವ ಕೆಲಸವಾದರೂ ಕೊಡಿ ಎಂದು ಕೇಳಿದ. ನಮ್ಮ ಹೊಸ ಗಾಡಿಗಳು ಲೋಡಾಗಿ ಸಾಲಾಗಿ ನಿಂತಿದ್ದವು, ನಾವೆಲ್ಲ ಸೀಟಿನಲ್ಲಿದ್ದೆವು. ಮ್ಯಾನೇಜರ್ ಕಿಟಕಿಯಿಂದ ಕೈ ಬೀಸಿದ. ಕಾವಲುಗಾರ ಭಾವಮೈದನ ಎದೆಗೆ ಕೈ ಹಾಕಿ ಹಿಂದಕ್ಕೆ ನೂಕಿದ. ಕೋಲು ಜಾರಿತು. ಬಿದ್ದಲ್ಲಿಂದ ಅವನು "ಭಾವಾ" ಎಂದು ಕೂಗಿದ.

ಗೇರಣ್ಣ ಬಾಗಿಲು ತೆಗೆದು ಹಾರಿದ. ಬೆಲ್ಟ್ ಇರುವುದು ನೆನಪಾಗಲಿಲ್ಲ. ಎಡಗಾಲು ಒಳಗೇ ಉಳಿಯಿತು, ಕೈಗಳು ನೆಲಕ್ಕೆ ಬಡಿದವು. ತಲೆಕೆಳಗಾಗಿ ನೇತಾಡುತ್ತಾ ಗೇಟಿನ ಕಡೆ ನೋಡುತ್ತಿದ್ದ.

ನಾವೂ ಬಾಗಿಲು ತೆಗೆದೆವು. ಯಾರಿಗೂ ಇಳಿಯಲಾಗಲಿಲ್ಲ. ನಮ್ಮ ಕಾಲೂ ಕಟ್ಟಿತ್ತು. ಬಗ್ಗಿ ಬಕಲ್ ಬಿಚ್ಚುವಷ್ಟರಲ್ಲಿ ಕಾವಲುಗಾರ ಭಾವಮೈದನನ್ನು ಹೊರಗೆ ಎಳೆದು ಗೇಟು ಹಾಕಿದ.