ಟ್ಯೂರಿನ್ನಿನ ಹಸಿರು ಚುಕ್ಕೆಗಳು

ಯಾವ ಊರಿಗೆ ಟಿಕೆಟ್ ಬುಕ್ ಮಾಡಿದರೂ ದೇಶ ಬಿಟ್ಟು ಟ್ಯಾಂಪಿನೀಸಿನ ಫ್ಲ್ಯಾಟುಗಳಿಗೆ ಬಂದು ನೆಲೆಸಿದ ನಮ್ಮ ಕನ್ನಡದವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ಅಲ್ಲಿ ತಿನ್ನೋಕೆ ಏನು ಸಿಗುತ್ತೆ? ಅರಮನೆ ಆಮೇಲೆ, ಮ್ಯೂಸಿಯಂ ಆಮೇಲೆ. ಮೊದಲು ಹೊಟ್ಟೆ, ಅದೂ ಶುದ್ಧ ವೆಜ್ ಹೊಟ್ಟೆ. ನಗಬೇಡಿ. ಪ್ಯಾರಿಸ್ಸಿನ ಹೋಟೆಲ್ ರೂಮಿನಲ್ಲಿ ಕೂತು ಉಪ್ಪಿಟ್ಟಿನ ಪೊಟ್ಟಣಕ್ಕೆ ಬಿಸಿನೀರು ಸುರಿದುಕೊಂಡು ತಿಂದು ಬಂದ ಸಂಸಾರಗಳು ಇಲ್ಲಿ ಒಂದೊಂದು ಬ್ಲಾಕಿನಲ್ಲೂ ಇವೆ.

ಅದಕ್ಕೇ ಪ್ರಣತಿ ಬರೆದ ಗೈಡಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದು. ಇಲ್ಲಿನ ತಂಜಾಂಗ್ ಪಗಾರ್ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಅವಳನ್ನು ಆಫೀಸಿನವರು ಎರಡು ತಿಂಗಳು ಇಟಲಿಯ ಟ್ಯೂರಿನ್‌ಗೆ ಕಳಿಸಿದ್ದರು. ಬಹಳ ಠೀವಿಯ ಊರು. ಮಳೆ ಬಂದರೂ ಕೊಡೆ ಬೇಡದಂಥ ಉದ್ದುದ್ದ ಕಮಾನಿನ ಮೊಗಸಾಲೆಗಳು, ಅಮೃತಶಿಲೆಯ ಮೇಜಿನ ಹಳೇ ಕಾಫಿ ಮನೆಗಳು, ಗಾಜಿನ ಲೋಟದಲ್ಲಿ ಕಾಫಿ, ಚಾಕೊಲೇಟು, ಕೆನೆ ಪದರಪದರವಾಗಿ ನಿಲ್ಲುವ ಬಿಚೆರಿನ್, ಸಂಜೆಯಾದರೆ ಕೈಯಲ್ಲಿ ವರ್ಮೂತ್ ವೈನಿನ ಲೋಟ ಹಿಡಿದು ಚೌಕದಲ್ಲಿ ನಿಲ್ಲುವ ಜನ. ಪ್ರಣತಿ ಒಂದೊಂದು ಅಂಗಡಿಗೂ ನುಗ್ಗಿ ಪೊಲೀಸರ ಹಾಗೆ ವಿಚಾರಣೆ ಮಾಡಿದ್ದಳು. ಈ ಬ್ರೆಡ್ ಕಡ್ಡಿಯಲ್ಲಿ ಹಂದಿ ಕೊಬ್ಬು ಇದೆಯಾ? ತರಕಾರಿ ಅದ್ದಿಕೊಳ್ಳುವ ಈ ಸಾಸಿನಲ್ಲಿ ಮೀನಿದೆಯಾ? ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದಾ? ಎಲ್ಲವನ್ನೂ ಬರೆದು, ನಮ್ಮ ದೇಶದ ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುತ್ತದಲ್ಲ, ಅಂಥದ್ದೇ ಹಸಿರು ಚುಕ್ಕೆಯನ್ನು ಒಳ್ಳೆಯ ಅಂಗಡಿಗಳ ಮುಂದೆ ಇಟ್ಟು, ಬ್ಲಾಕಿನ ಕನ್ನಡದವರ ಗ್ರೂಪಿಗೆ ಶೇರ್ ಮಾಡಿದಳು. ಅವಳು ತನ್ನ ಫೋನಿನಲ್ಲಿ ತಿದ್ದಿದರೆ ಎಲ್ಲರ ಫೋನಿನಲ್ಲೂ ತಿದ್ದಿಕೊಳ್ಳುವಂಥ ಡಾಕ್ಯುಮೆಂಟು ಅದು.

ಜೂನ್ ರಜೆಗೆ ಆ ಗೈಡು ಹಿಡಿದು ಹೊರಟ ಮೊದಲ ಸಂಸಾರ ಸಂಹಿತಾಳದ್ದು. ಸಂಹಿತಾ ಪ್ರಣತಿಯ ಜೀವದ ಗೆಳತಿ, ಎದುರು ಬ್ಲಾಕಿನವಳು. ಗಂಡ ದಿವಾಕರ, ಆರು ವರ್ಷದ ಮಗಳು ಇಶಿತಾ.

ಶನಿವಾರ ಸಂಜೆ, ಟ್ಯೂರಿನ್‌ನಲ್ಲಿ ಇನ್ನೂ ಬೆಳಗಿನ ಹೊತ್ತಿರುವಾಗ, ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ಕೆಳಗಿನ ಖಾಲಿ ಅಂಗಳದಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಸೇರಿದ್ದರು. ಪ್ರಣತಿಗೆ ಆ ಹೊತ್ತಿನಲ್ಲಿ ನೆಲ ಕಾಣುತ್ತಿರಲಿಲ್ಲ. ಅಷ್ಟು ಹೊಗಳಿಕೆ! ಸಂಹಿತಾ ಹೋಟೆಲಿನಿಂದ ಹೊರಡುವ ಮುಂಚೆ ಗ್ರೂಪಿಗೆ ಫೋಟೋ ಹಾಕಿದ್ದಳು: ಹಳದಿ ಫ್ರಾಕಿನ ಇಶಿತಾ, ಹಿಂದೆ ಕಮಾನುಗಳ ಸಾಲು. 'ಇವತ್ತು ಪೂರ್ತಿ ಪ್ರಣತಿ ಗೈಡ್! ಮೊದಲು ಹಸಿರು ಚುಕ್ಕೆ ಚಾಕೊಲೇಟ್ ಅಂಗಡಿ. ಇಶಿತಾ ನಿನ್ನೆಯಿಂದ ಅದೇ ಜಪ.'

"ನೀನೊಂದು ಪುಸ್ತಕಾನೇ ಮಾಡ್ಬಿಡು ಕಣೆ," ಎಂದರು ಕಾಮಾಕ್ಷಿ ಆಂಟಿ. ಅದೇ ಬ್ಲಾಕಿನ ಹಿರಿಯರು, ಬಾಯಿ ಸ್ವಲ್ಪ ಜೋರು, ಮನಸ್ಸು ಮೆತ್ತಗೆ. ಪ್ರಣತಿ ಬೀಗುತ್ತ ಟ್ಯೂರಿನ್‌ನಿಂದ ತಂದಿದ್ದ ಚಾಕೊಲೇಟಿನ ಡಬ್ಬಿ ತೆಗೆದಳು. ಚಿನ್ನದ ಕಾಗದ ಸುತ್ತಿದ, ಮಗುಚಿಟ್ಟ ದೋಣಿಯಂಥ ಚಾಕೊಲೇಟು. ಆಂಟಿ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಆಹಾ! ಏನೇ ಇದು ಘಮ? ಗೋಡಂಬಿನಾ?"

"ಅಲ್ಲ ಆಂಟಿ, ಹೇಝಲ್‌ನಟ್. ಆ ಊರಿನ ಚಾಕೊಲೇಟೆಲ್ಲಾ ಅದರಲ್ಲೇ..."

ಮಾತು ಅಲ್ಲಿಗೇ ನಿಂತಿತು.

ಇಶಿತಾಗೆ ಗೋಡಂಬಿಯಾಗಲಿ ಹೇಝಲ್‌ನಟ್ ಆಗಲಿ ಬಾಯಿಗೆ ಸೋಕಿದರೂ ಗಂಟಲು ಕಟ್ಟುತ್ತದೆ. ಇದು ಯಾರೋ ಹೇಳಿ ಪ್ರಣತಿಗೆ ತಿಳಿದದ್ದಲ್ಲ. ಒಂದು ಬರ್ತ್‌ಡೇಯಲ್ಲಿ ಕೇಕು ತಿಂದ ಮಗುವಿನ ತುಟಿ ಬಾತು, ಉಸಿರು ಸಿಳ್ಳೆ ಹಾಕಿ, ಸಂಹಿತಾ ಅದರ ತೊಡೆಗೆ ಅಲರ್ಜಿಯ ಇಂಜೆಕ್ಷನ್ ಪೆನ್ನು ಚುಚ್ಚಿದಾಗ ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತಿದ್ದವಳು ಇವಳೇ. ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಆದರೆ ಆ ಊರಲ್ಲಿ ಪ್ರತಿ ತಿಂಡಿಗೂ ಅವಳು ಕೇಳಿದ್ದು ಒಂದೇ ಪ್ರಶ್ನೆ, ತಾತ ಮುತ್ತಾತಂದಿರ ಕಾಲದಿಂದ ನಮ್ಮವರು ಕೇಳಿಕೊಂಡು ಬಂದ ಅದೇ ಪ್ರಶ್ನೆ: ವೆಜ್ಜಾ? ವೆಜ್ಜು ಅಂದಮೇಲೆ ಮುಗಿಯಿತು, ಇನ್ನೇನು ಭಯ? ಆ ಅಂಗಡಿಯ ಮುಂದೆ ಹಸಿರು ಚುಕ್ಕೆ ಇಟ್ಟು ಬರೆದಿದ್ದಳು: ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ, ಮಕ್ಕಳಿಗೆ ಕಣ್ಣು ಮುಚ್ಚಿಕೊಂಡು ಕೊಡಿಸಿ.

ಸಂಹಿತಾಗೆ ಫೋನ್ ಮಾಡಿದಳು. ಹೋಗಲಿಲ್ಲ. ದಿವಾಕರನಿಗೆ ಮಾಡಿದಳು. ಅದೂ ಇಲ್ಲ. ಮೆಸೇಜು ಹಾಕಿದಳು: 'ಆ ಚಾಕೊಲೇಟ್ ಕೊಡಬೇಡ, ಹೇಝಲ್‌ನಟ್ ಇದೆ.' ಒಂದೇ ಟಿಕ್ಕು. ಮತ್ತೆ ಹಾಕಿದಳು. ಮತ್ತೆ ಒಂದೇ ಟಿಕ್ಕು.

"ಏನಾಯ್ತೆ? ಮುಖ ಯಾಕೆ ಹಂಗಾಯ್ತು?" ಆಂಟಿ ಕೇಳಿದರು. ಪ್ರಣತಿ ಹೇಳಿದಳು. ಆಂಟಿ ಕೈಯಲ್ಲಿದ್ದ ಚಿನ್ನದ ಕಾಗದವನ್ನು ಮುದ್ದೆ ಮಾಡಿ, "ಅಯ್ಯೋ ಭಗವಂತ," ಎಂದು ಕುರ್ಚಿಗೆ ಕುಸಿದರು.

ಪ್ರಣತಿಯ ಗಂಡ ಸಂಪತ್ ತಟ್ಟೆ ಕೆಳಗಿಟ್ಟು ಓಡಿಬಂದ. "ಪ್ಯಾನಿಕ್ ಆಗ್ಬೇಡ. ಫೋನ್ ಆಫ್ ಇಟ್ಟಿರ್ತಾರೆ. ಹಾಲಿಡೇಲಿ ಫೋನ್ ಮುಟ್ಟಂಗಿಲ್ಲ ಅನ್ನೋದು ದಿವಾಕರನ ರೂಲ್ ಅಲ್ವಾ?"

ಹೌದು, ಅದೇ ದೊಡ್ಡ ರೂಲು! ಹೋಟೆಲಿನಿಂದ ಕಾಲು ಹೊರಗಿಟ್ಟರೆ ಇಬ್ಬರ ಫೋನೂ ಬರೀ ಕ್ಯಾಮೆರಾ. ಅದನ್ನೇ ಪ್ರಣತಿ ಎಷ್ಟು ಸಲ ಮೆಚ್ಚಿ ಆಡಿದ್ದಳೋ. ಈಗ ಆ ಮನುಷ್ಯನ ಕತ್ತು ಹಿಸುಕಬೇಕೆನಿಸಿತು.

"ಸಂಹಿತಾ ಕೇಳೇ ಕೇಳ್ತಾಳೆ," ಎಂದ ಸಂಪತ್. "ಎಲ್ಲಿ ಹೋದ್ರೂ ಕೇಳ್ದೆ ಕೊಡಲ್ಲ ಅವ್ಳು."

"ಬೇರೆಯವರು ಹೇಳಿದ ಅಂಗಡಿಯಾದ್ರೆ ವಿಚಾರಿಸ್ತಾಳೆ. ಇದನ್ನ ನಾನೇ ಬರೆದಿದ್ದೀನಲ್ಲ!" ಪ್ರಣತಿಯ ದನಿ ಚೀರಿದಂತಾಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಯಾರಾದರೂ ಏನಾದರೂ ಮಾಡಬೇಕಲ್ಲ. ಹೋಟೆಲಿಗೆ ಫೋನಾಯಿಸಿದಳು. ಅವರು ಆಗಲೇ ಹೊರಟಾಯಿತು, ಬಂದ ಕೂಡಲೇ ಹೇಳುತ್ತೇವೆ ಎಂದರು. ಆಗ ಹೊಳೆದದ್ದು ಗೈಡು. ದಾರಿಯಲ್ಲಿ ಎಲ್ಲಾದರೂ ಫೋನ್ ಆನ್ ಮಾಡಿ ಅದನ್ನು ತೆರೆದರೆ? ಆ ಸಾಲು ಹುಡುಕಿದಳು. ಹಸಿರು ಚುಕ್ಕೆ ಅಳಿಸಿದಳು. 'ಕಣ್ಣು ಮುಚ್ಚಿಕೊಂಡು ಕೊಡಿಸಿ' ಅಳಿಸಿದಳು. ಅದರ ಜಾಗದಲ್ಲಿ ಕೆಂಪಗೆ, ದಪ್ಪಕ್ಷರದಲ್ಲಿ ಬರೆದಳು: ಈ ಅಂಗಡಿಯ ಎಲ್ಲದರಲ್ಲೂ ಹೇಝಲ್‌ನಟ್ ಇದೆ. ನಟ್ ಅಲರ್ಜಿ ಇರುವ ಮಕ್ಕಳಿಗೆ ಖಂಡಿತ ಕೊಡಬೇಡಿ.

ಆಮೇಲೆ ಅಂಗಡಿಯ ನಂಬರು ಹುಡುಕಿ ತೆಗೆದಳು. ರಿಂಗಾಯಿತು. ಆಗುತ್ತಲೇ ಇತ್ತು. ದೇವರೇ ಎತ್ತಿಸಪ್ಪ, ಎತ್ತಿಸಪ್ಪ ಎನ್ನುತ್ತ ಅವಳು ಕಂಬದ ಪಕ್ಕ ನಿಂತಲ್ಲೇ ಸುತ್ತಿದಳು.

ಎತ್ತಿದವನು ಒಬ್ಬ ಗಂಡಸು. ಎರಡು ತಿಂಗಳಲ್ಲಿ ಕಲಿತ ಹರಕು ಇಟಾಲಿಯನ್ ಸಾಲದಾಯಿತು. ಇಂಗ್ಲಿಷು, ಇಟಾಲಿಯನ್ನು ಬೆರೆಸಿ, ಇಂಡಿಯದ ಸಂಸಾರ, ಪುಟ್ಟ ಹುಡುಗಿ, ಹಳದಿ ಫ್ರಾಕು, ಅಲರ್ಜಿ, ಅಲರ್ಜಿ ಎಂದು ಒದರಿದಳು. ಆಮೇಲೆ ಆ ಮನುಷ್ಯ ನಿಧಾನವಾಗಿ, ಬಹಳ ಮೃದುವಾಗಿ ಏನೋ ಹೇಳಿದ. ಅದರಲ್ಲಿ ಅವಳಿಗೆ ತಿಳಿದದ್ದು ಎರಡೇ ಮಾತು. 'ಬಂಬಿನಾ', ಅಂದರೆ ಪುಟ್ಟ ಹುಡುಗಿ. 'ಅಂಬುಲಾನ್ಸಾ.' ಅದಕ್ಕೆ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೋನು ಕೈಯಿಂದ ಜಾರಿತು. ಸಂಪತ್ ಹಿಡಿದುಕೊಂಡ.

ಆಮೇಲಿನ ಹೊತ್ತನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಯಾರೋ ನೀರು ಕೊಟ್ಟರು, ಕುಡಿಯಲಾಗಲಿಲ್ಲ. ಸುತ್ತ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಒಂದು ಮಗು ಜೋರಾಗಿ ಕೂಗಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಪೆನ್ನು ತಗೊಂಡು ಹೋಗಿರ್ತಾಳೆ, ಇಂಜೆಕ್ಷನ್ ಪೆನ್ನು ಯಾವಾಗಲೂ ಬ್ಯಾಗಲ್ಲಿರುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಮರುಗಳಿಗೆ, ಬ್ಯಾಗು ಹೋಟೆಲಲ್ಲಿ ಬಿಟ್ಟಿದ್ದರೆ? ಅಂಥ ಯೋಚನೆ ಒಂದು ಸಲ ಹೊಕ್ಕಿತೆಂದರೆ ಮುಗಿಯಿತು, ಹೊರಗೆ ಹೋಗುವುದಿಲ್ಲ. ಹಳದಿ ಫ್ರಾಕಿನ ಫೋಟೋ ತೆರೆದು ನೋಡಿದಳು. ನೋಡಲಾಗದೆ ಮುಚ್ಚಿದಳು. ಕಾಮಾಕ್ಷಿ ಆಂಟಿ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತ ತಮ್ಮಷ್ಟಕ್ಕೆ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು.

"ನಾನೇ ಕೊಂದೆ ಆಂಟಿ," ಎಂದಳು ಪ್ರಣತಿ.

"ಬಿಡ್ತು ಅನ್ನು! ಏನು ಮಾತೂಂತ ಆಡ್ತೀಯಾ!" ಆಂಟಿ ಗದರಿದರು.

ಫೋನ್ ಬಂತು. ಸಂಹಿತಾ.

ಪ್ರಣತಿಗೆ ಹಸಿರು ಬಟನ್ ಒತ್ತಲೂ ಧೈರ್ಯ ಬರಲಿಲ್ಲ. ಸಂಪತ್ ಒತ್ತಿ ಸ್ಪೀಕರಿಗೆ ಹಾಕಿ ಅವಳ ಕೈಗೆ ಕೊಟ್ಟ.

"ಹುಷಾರಾಗಿದ್ದಾಳೆ ಕಣೇ," ಎಂಬ ಮಾತು ಮೊದಲು ಬಂತು, ಆಮೇಲೆ ಅಳು. "ಪೆನ್ ಹಾಕಿದೆ. ಆಂಬುಲೆನ್ಸ್ ಬೇಗ ಬಂತು. ಈಗ ಉಸಿರು ಸರಿಯಾಗಿದೆ. ಇವತ್ತು ಇಲ್ಲೇ ಇಟ್ಕೊಂಡು ನೋಡ್ತೀವಿ ಅಂದ್ರು."

ಪ್ರಣತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು. ಆಂಟಿ ಎರಡೂ ಕೈ ಎತ್ತಿ ಮುಗಿದರು. ಇಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

"ತಪ್ಪೆಲ್ಲಾ ನಂದೇ," ಎಂದಳು ಸಂಹಿತಾ. "ಆಸ್ಪತ್ರೆ ವೈಫೈ ಸಿಕ್ಕಿದ ತಕ್ಷಣ ನಿನ್ನ ಗೈಡ್ ತೆಗೆದು ನೋಡಿದೆ ಕಣೇ. ಕೆಂಪಗೆ ಬರೆದಿದ್ದೀಯಾ, ಇಷ್ಟು ದಪ್ಪಕ್ಕೆ! ಬೆಳಗ್ಗೆ ಹೋಟೆಲಲ್ಲಿ ಅದೇ ಪೇಜ್ ಓದಿದ್ದೆ, ನನ್ ಕಣ್ಣಿಗೆ ಯಾಕೆ ಬೀಳ್ಲಿಲ್ಲ? ಇಶಿತಾ ಕೂಡ ಕೇಳಿದ್ಳು, ಅಮ್ಮಾ, ಇದ್ರಲ್ಲಿ ನಟ್ಸ್ ಇಲ್ವಾ ಅಂತ. ಪ್ರಣತಿ ಆಂಟಿ ಚೆಕ್ ಮಾಡಿದ್ದಾಳೆ, ತಿನ್ನು ಅಂದೆ. ಎಂಥಾ ತಾಯಿ ನಾನು?"

ಹಿಂದಿನಿಂದ ದಿವಾಕರನ ದನಿ ಕೇಳಿಸಿತು. ಯಾವತ್ತೂ ಗಟ್ಟಿಯಾಗಿ ಮಾತಾಡದ ಮನುಷ್ಯ. "ಓದೋಕೆ ಬರಲ್ವಾ ನಿಂಗೆ? ಅವ್ರು ಅಷ್ಟು ಸ್ಪಷ್ಟವಾಗಿ ಬರೆದ್ರೂ ಮಗು ಬಾಯಿಗೆ ತುರುಕ್ತೀಯಲ್ಲ!"

ಪ್ರಣತಿಯ ಅಳು ಟಕ್ಕನೆ ನಿಂತಿತು.

ಅವಳು ಆ ಸಾಲು ಬರೆದದ್ದು ಮಗುವನ್ನು ಉಳಿಸಲು. ದೇವರಾಣೆಗೂ ಬೇರೆ ಯೋಚನೆ ಇರಲಿಲ್ಲ. ಈಗ ಅದೇ ಸಾಲು ಅವಳನ್ನು ಉಳಿಸುತ್ತಿತ್ತು, ಕೇಳದೆಯೇ. ಸಂಪತ್ ಅವಳನ್ನೇ ನೋಡುತ್ತಿದ್ದ. ಅವನಿಗೂ ಅರ್ಥವಾಗಿತ್ತು. ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಮೈಕನ್ನು ಬೆರಳಲ್ಲಿ ಮುಚ್ಚಿ ಪಿಸುಗುಟ್ಟಿದ: "ಮಗು ಹುಷಾರಾಗಿದೆಯಲ್ಲ. ಈಗ ಯಾಕೆ? ಊರಿಗೆ ಬರ್ಲಿ, ನಿಧಾನಕ್ಕೆ ಹೇಳಿದ್ರಾಯ್ತು."

ನಿಧಾನಕ್ಕೆ! ಅವಳಿಗೆ ಹೊಸ ಭಯ ಹುಟ್ಟಿತು. ಇದು ಮೊದಲಿನದಕ್ಕಿಂತ ಸಣ್ಣದೇನೂ ಅಲ್ಲ. ಹೇಳಿದರೆ ಸಂಹಿತಾ ಇನ್ನು ಅವಳ ಮನೆಯ ಬೆಲ್ ಒತ್ತುವುದಿಲ್ಲ. ಗ್ರೂಪಿನವರು ಅವಳು ಕೊಟ್ಟ ಒಂದು ತುತ್ತನ್ನೂ ಅನುಮಾನದಿಂದ ನೋಡುತ್ತಾರೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳ ಮೆಸೇಜುಗಳಿಗೆ ಎರಡನೇ ಟಿಕ್ಕು ಬಿದ್ದಿತ್ತು, ನಿಜ. ಆದರೆ ಅವನ್ನು ಓದಿದರೂ ಏನಂದುಕೊಳ್ಳುತ್ತಾರೆ? ಇನ್ನೊಂದು ಸಲ ಎಚ್ಚರಿಸಿದ್ದಾಳೆ, ಎಷ್ಟು ಕಾಳಜಿ ಅಂದುಕೊಳ್ಳುತ್ತಾರೆ. ಆ ಕಡೆ ಸಂಹಿತಾ ಬಿಕ್ಕುತ್ತಲೇ ಇದ್ದಳು. "ನಾನು ಅವಳಿಗೆ ಇನ್ನೇನು ಕೊಡೋಕೂ ಲಾಯಕ್ಕಿಲ್ಲ ಕಣೇ," ಅನ್ನುತ್ತಿದ್ದಳು.

ಪ್ರಣತಿ ಗಂಡನ ಬೆರಳನ್ನು ಮೈಕಿನ ಮೇಲಿಂದ ತೆಗೆದಳು.

"ಸಂಹಿತಾ, ಸ್ಪೀಕರ್‌ಗೆ ಹಾಕು. ದಿವಾಕರ್ ಅವ್ರೂ ಕೇಳ್ಲಿ."

"ಯಾಕೆ?"

"ಹಾಕು ಅಂದೆನಲ್ಲ." ಪ್ರಣತಿ ಬೆಂಚಿನಿಂದ ಎದ್ದು ನಿಂತಳು. "ಅವಳನ್ನ ಬೈಬೇಡಿ ದಿವಾಕರ್. ಅವಳು ಸರಿಯಾಗೇ ಓದಿದ್ದಾಳೆ. ಬೆಳಗ್ಗೆ ಆ ಸಾಲು ಅಲ್ಲಿರ್ಲಿಲ್ಲ. ಹಸಿರು ಚುಕ್ಕೆ ಇತ್ತು. ಕಣ್ಣು ಮುಚ್ಚಿಕೊಂಡು ಕೊಡಿಸಿ ಅಂತ ಇತ್ತು. ನಾನು ಬರೆದಿದ್ದು ಅದು. ಕೆಂಪು ಸಾಲು ಬರೆದಿದ್ದು ಈಗ, ನೀವು ಫೋನ್ ಎತ್ತದೇ ಇದ್ದಾಗ."

ಅಲ್ಲಿ ಯಾವುದೋ ಯಂತ್ರ ಬೀಪ್ ಬೀಪ್ ಅನ್ನುತ್ತಿತ್ತು. ಯಾರೋ ನರ್ಸು ಇಟಾಲಿಯನ್ನಿನಲ್ಲಿ ಯಾರನ್ನೋ ಕರೆದಳು. ಸಂಹಿತಾಳ ಅಳು ನಿಂತಿತ್ತು. ಕಾಮಾಕ್ಷಿ ಆಂಟಿಯ ಕೈ ಪ್ರಣತಿಯ ಬೆನ್ನ ಮೇಲೆ ಹಾಗೇ ಇತ್ತು, ಸವರುತ್ತಿರಲಿಲ್ಲ.

ಫೋನನ್ನು ದಿವಾಕರ ತೆಗೆದುಕೊಂಡದ್ದು ಉಸಿರಿನಿಂದಲೇ ತಿಳಿಯಿತು.

"ಇನ್ನೊಂದ್ಸಲ ಹೇಳಿ," ಎಂದ. "ನಾನು ಅವಳನ್ನ ಎಲ್ಲರೆದುರಿಗೆ ಬೈದಿದ್ದೀನಿ. ಪೂರ್ತಿ ಇನ್ನೊಂದ್ಸಲ ಹೇಳಿ."

ಪ್ರಣತಿ ಮೊದಲಿನಿಂದ ಹೇಳಿದಳು.