ಲೋಬಾನದ ಹೊಗೆ

ಕಾರ್ಖಾನೆಗಳ ವಾಸನೆ ಬರುತ್ತಿದ್ದಂತೆ ತುಳಜಾಬಾಯಿ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದಳು. ಹುಮನಾಬಾದಿನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಕೊಳೆತ ಈರುಳ್ಳಿಯಂಥ ವಾಸನೆ ಊರು ಹೊಗುತ್ತಿತ್ತು. ಮಂಚದ ಮೇಲೆ ಗಂಡ ಪಂಡರಿ ಮೊಣಕಾಲಿಗೆ ಕೈಯೂರಿ ಕೂತು, ಒಂದೊಂದೇ ಉಸಿರನ್ನು ಎಳೆದು ತರುತ್ತಿದ್ದ.

ಔಷಧ ಕೊಡಲು ಬಂದಿದ್ದ ಆಶಾ ಕಾರ್ಯಕರ್ತೆ ರಾಬಿಯಾ, ಅಂಗೈಯಗಲದ ಬಿಳಿ ಯಂತ್ರವೊಂದನ್ನು ಗೋಡೆಯ ಗೂಡಿನಲ್ಲಿಟ್ಟಳು. ಕಣ್ಣಿಗೆ ಕಾಣದ ಧೂಳನ್ನು ಅಳೆಯಲೆಂದು ಕಾಲೇಜಿನವರು ಕೊಟ್ಟದ್ದು.

"ಎಪ್ಪತ್ತೆರಡು ತೋರಸಾಕತ್ತದ. ಇಷ್ಟು ಧೂಳೂ ಹೆಚ್ಚೇ ಅದ ಕಾಕಿ."

"ತಡಿಯವ್ವ, ಈಗ ಓಡಸ್ತೀನಿ." ತುಳಜಾಬಾಯಿ ಬಟ್ಟಲಿನ ಕೆಂಡದ ಮೇಲೆ ಒಂದು ಹಿಡಿ ಲೋಬಾನದ ಧೂಪ ಉದುರಿಸಿದಳು. ಹೊಗೆ ಸುರುಳಿ ಸುರುಳಿಯಾಗಿ ತೊಲೆಗೆ ಹತ್ತಿತು.

"ನಿಮ್ಮ ಕಾಕಿ ನನ್ನ ದರ್ಗಾ ಮಾಡ್ಯಾಳ," ಎಂದ ಪಂಡರಿ, ಕೆಮ್ಮಿನ ನಡುವೆ. "ಚಾದರ ಹೊಚ್ಚೋದೊಂದ ಉಳದದ."

"ಮಾತಾಡಾಕ ದಮ್ ಅದ, ಗಂಜಿ ಕುಡಿಯಾಕ ಇಲ್ಲ ನಿಮಗ." ಅವಳು ಗಾಳಿ ಮೂಸಿ ನೋಡಿದಳು. "ಹೋತು ನೋಡು ವಾಸನಿ."

ರಾಬಿಯಾ ಗೂಡಿನತ್ತ ಬಾಗಿ ನೋಡಿದಳು. ಯಂತ್ರದಲ್ಲಿ ನೂರೈವತ್ತಾಯಿತು, ಮುನ್ನೂರಾಯಿತು, ನಾನೂರ ಎಂಬತ್ತಕ್ಕೆ ಬಂದು ನಿಂತಿತು.

"ಕಾಕಿ, ವಾಸನಿ ಅಷ್ಟ ಹೋಗ್ಯದ. ಈ ಹೊಗಿ ಒಳಗ ಕುಂತದ. ಇದು ಹೊರಗಿನ ಗಾಳಿಕಿಂತ ಖರಾಬ್ ಅದ, ಕಾಕಾರ ಎದಿಗೆ."

"ಲೋಬಾನ ದೇವರ ಮುಂದ ಹಾಕೋದವ್ವ. ನಿಮ್ಮ ಮನ್ಯಾಗೂ ಹಾಕ್ತೀರಿ."

"ಹಾಕ್ತೀವ್ರಿ. ಬಾಗಿಲ ತೆರದು."

ತುಳಜಾಬಾಯಿಯ ಕಣ್ಣು ಗೋಡೆಯ ಫೋಟೋದ ಕಡೆ ಹೊರಳಿತು. ಮೈದುನ ಜ್ಞಾನೇಶ್ವರ. ಹೋದ ಚಳಿಗಾಲದಲ್ಲಿ ಇದೇ ಮಂಚದ ಮೇಲೆ ಹದಿನಾಲ್ಕು ದಿನ ಉಸಿರಿಗೆ ಒದ್ದಾಡಿದ್ದ. ಬೆಳಿಗ್ಗೆ ಸಂಜೆ ಬಾಗಿಲು ಬಿಗಿದು ಅವಳೇ ಲೋಬಾನ ಹಾಕಿದ್ದಳು. ಕಡೆಯ ದಿನಗಳಲ್ಲಿ ಎರಡೆರಡು ಹಿಡಿ. ಅವನ ಮಣ್ಣಿಗೆ ಬಂದವರೆಲ್ಲ, ಹೆತ್ತ ತಾಯಿಯೂ ಹೀಗೆ ನೋಡಿಕೊಳ್ಳುತ್ತಿರಲಿಲ್ಲ ಎಂದಿದ್ದರು.

"ರಾಬಿಯಾ, ನಮ್ಮ ಜ್ಞಾನೇಶ್ವರ ಇದ್ದಾಗ..."

"ಆವಾಗ ಈ ಯಂತ್ರ ಇರಲಿಲ್ರಿ ಕಾಕಿ," ಎಂದಳು ರಾಬಿಯಾ, ಮಾತ್ರೆಯ ಪೊಟ್ಟಣಗಳನ್ನು ಸುಮ್ಮನೆ ಮತ್ತೊಮ್ಮೆ ಜೋಡಿಸುತ್ತ.

ತುಳಜಾಬಾಯಿ ಕೆಂಡದ ಬಟ್ಟಲನ್ನು ಸೆರಗಿನಿಂದ ಹಿಡಿದು ಅಂಗಳಕ್ಕೆ ಒಯ್ದು, ನೀರು ಸುರಿದಳು. ಬಾಗಿಲ ಸಂದಿಯ ಸೀರೆ ಎಳೆದು ಹಾಕಿ ಎರಡೂ ಕದ ತೆರೆದಳು. ಕೊಳೆತ ವಾಸನೆ ಒಳಗೆ ನುಗ್ಗಿತು. ಪಂಡರಿ ಮುಖ ತಿರುಗಿಸಿ ಮತ್ತೆ ಕೆಮ್ಮತೊಡಗಿದ.

ಅವಳು ಒಂದು ಕದ ಮುಚ್ಚಿದಳು. ಲೋಬಾನದ ಪುಡಿ ಹತ್ತಿದ ಕೈಯನ್ನು ಇನ್ನೊಂದು ಕದದ ಮೇಲಿಟ್ಟು, ಒಳಗಿನ ಉಸಿರು ಕೇಳುತ್ತ ಹೊಸ್ತಿಲ ಬಳಿ ನಿಂತೇ ಇದ್ದಳು.