ಶೇಹಾ ಮನೆಯ ಗುಂಡಿ

ಚಾಪೆಯ ಮೇಲೆ ಒಣಗುವ ಲವಂಗದ ವಾಸನೆ ಎಂದರೆ ನನಗೆ ಪೆಂಬಾ ದ್ವೀಪ, ಅವ್ವನ ಕಂಗಾ ಬಟ್ಟೆಯ ಅಂಚು. ಕೆಟ್ಟ ನಾತ ಬಂದರೆ ಅವ್ವ ಆ ಅಂಚಿಗೆ ಲವಂಗ ಗಂಟುಕಟ್ಟಿ ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಆ ಬೆಳಿಗ್ಗೆ ನಾನೂ ಮಚಾನೊನ ಮುಖಕ್ಕೆ ಅಂಥದೇ ಗಂಟು ಕಟ್ಟಿದೆ. ಅವನು ಶೇಹಾ ಮನೆಯ ಕಕ್ಕಸುಗುಂಡಿಗೆ ಇಳಿಯುವವನಿದ್ದ.

"ಏನ್ಲಾ, ಮದುವಣಗಿತ್ತಿ ಥರ ಸಿಂಗಾರ ಮಾಡ್ಕತಿದ್ದೀಯಾ? ಇಳಿಯೋ ಪುಡಿನಾಯಿ," ಎಂದ ಶೇಹಾ ಉಸ್ಸಿ.

"ಸಿಂಗಾರ ಮಾಡ್ದೋರು ಬಿ ಕಿದಾವಾ, ಅವ್ರನ್ನೇ ಕೇಳಿ ಯಜಮಾನ್ರೆ," ಎಂದು ನನ್ನತ್ತ ಕೈ ತೋರಿಸಿ ನಕ್ಕು ಮಚಾನೊ ಇಳಿದ.

ಶೇಹಾ ಎಂದರೆ ನಮ್ಮ ಬಡಾವಣೆಗೆ ಸರ್ಕಾರ ಇಟ್ಟಿರುವ ಮುಖ್ಯಸ್ಥ; ಉಸ್ಸಿ ಅವನ ಹೆಸರು. ಅವನ ಎದುರು ಮನೆಯೇ ಮಾದಕ ಪುಡಿಯ ಚಟ ಬಿಡಿಸುವ ಮನೆ. ಅಲ್ಲಿ ನಾನು ಅಡಿಗೆಯವಳು, ಮಚಾನೊ ಅಲ್ಲಿ ಸೇರಿದ್ದ ಹುಡುಗ. ನನ್ನ ಮಗ ಖತೀಬು ಅಲ್ಲೇ ಸೇರಿ, ಕೈ ನಡುಗದೆ ಲೋಟ ಹಿಡಿಯುವಷ್ಟು ಗೆದ್ದಿದ್ದ. ಅದಕ್ಕೆ ಮೊದಲು ಬಂದರಿನ ಚರಂಡಿ ಪಕ್ಕ ಸೂಜಿ ಚುಚ್ಚಿಕೊಂಡು ಬಿದ್ದಿರುತ್ತಿದ್ದ. ಹೊಸ ನಿಯಮದ ಪ್ರಕಾರ ಇಂಥ ಮನೆಗೆ ನೆರೆಯವರ ಒಪ್ಪಿಗೆ ಬೇಕು, ಶೇಹಾನ ಮಾತೂ ಬೇಕು. ಆ ಮಾತಿಗಾಗಿ ನಮ್ಮ ಹುಡುಗರು ಅವನ ಗೋಡೆ ಕಟ್ಟಿದರು, ತೆಂಗಿನಕಾಯಿ ಇಳಿಸಿದರು. ಕೂಲಿ ಕೇಳಿದರೆ, ದುಡಿಮೆಯೂ ಔಷಧವೇ ಎನ್ನುತ್ತಿದ್ದ.

ಕೆಳಗಿನಿಂದ ಬಕೆಟ್ ಬರುವುದು ನಿಂತಿತು. ಮೇಲೆ ಬಕೆಟ್ ಎಳೆಯುತ್ತಿದ್ದ ಖತೀಬು ಕೂಗಿದ. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಹಿಡಿದು ತಾನೇ ಇಳಿದ. ಅವನು ಮೇಲೆ ತಂದದ್ದು ಹೆಣ.

ಪೊಲೀಸಿನವನು ಬಂದಾಗ, ಇವನು ಪುಡಿ ಎಳೆದೇ ಇಳಿದಿದ್ದ ಎಂದು ಶೇಹಾ ಹೇಳಿದ.

"ಸುಳ್ಳು ಬೊಗಳ್ಬ್ಯಾಡ ಸೂಳೆಮಗನೆ," ಎಂದ ಖತೀಬು. "ನಿನ್ ಹೇಲು ಬಾಚಕ್ಕೋಗಿ ಸತ್ತವ್ನೆ. ಆ ಗುಂಡಿ ಗಾಳಿ ಕುಡ್ದು ಸತ್ತವ್ನೆ."

ಪೊಲೀಸಿನವನು ಅವನ ಕೆನ್ನೆಗೆ ಹೊಡೆದ. ಹೊಡೆದವನೇ ಬಗ್ಗಿ, ಬಿಸಿಲಲ್ಲಿ ಬಿದ್ದಿದ್ದ ಮಚಾನೊನ ಚಪ್ಪಲಿಗಳನ್ನು ಎತ್ತಿ ನೆರಳಿಗಿಟ್ಟ.

ಮಧ್ಯಾಹ್ನ ಹುಡುಗರು ಮಣ್ಣು ಮಾಡಿ ಬಂದರು. ನಮ್ಮ ಮನೆಯನ್ನು ಮುಚ್ಚಿಸಲು ಶೇಹಾ ಸಂಜೆಯ ನಮಾಜಾದ ಮೇಲೆ ಮಸೀದಿ ಜಗಲಿಯಲ್ಲಿ ಸಭೆ ಸೇರಿಸಿದ. ಪಟ್ಟಣದಿಂದ ಬಂದಿದ್ದ ಅಧಿಕಾರಿ, ಇಂಥ ಮನೆ ಇಲ್ಲಿರುವುದಕ್ಕೆ ಯಾರು ಒಪ್ಪುತ್ತೀರೋ ಎದ್ದು ನಿಲ್ಲಿ ಎಂದ. ನಮ್ಮ ಹುಡುಗರಿಂದ ತಮ್ಮವರ ಗೋರಿ ತೋಡಿಸಿಕೊಂಡವರು ಅಲ್ಲಿದ್ದರು, ಬಾವಿ ತೊಳೆಸಿಕೊಂಡವರೂ ಇದ್ದರು. ಎಲ್ಲರೂ ಚಾಪೆಯ ಹೆಣಿಗೆ ನೋಡುತ್ತ ಕೂತರು. ನಾನು ಎದ್ದೆ. ಪುಡಿಯವನ ತಾಯಿ ಲೆಕ್ಕಕ್ಕಿಲ್ಲ ಎಂದು ಕೂರಿಸಿದರು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರೇ ಊಟ ತರುತ್ತಾರೆ. ಶೇಹಾ ಅದನ್ನೂ ಮರೆತಿರಲಿಲ್ಲ.

"ಆ ಬಾಗ್ಲಿಗೆ ಒಂದ್ ತುತ್ತು ಕೊಟ್ಟೋರ್ನೂ ಒಪ್ಪಿದೋರು ಅಂತ್ಲೇ ಹಿಡೀತೀನಿ. ಆಮೇಲೆ ಯಾವ್ ಕಾಗ್ದಕ್ಕೂ ನನ್ತಾವ ಬರ್ಬ್ಯಾಡಿ," ಎಂದ.

ನಮ್ಮ ಬಾಗಿಲಿಗೆ ಬೀಗ ಬಿತ್ತು. ಹುಡುಗರು ಗಂಟುಮೂಟೆ ಇಟ್ಟುಕೊಂಡು ಹೊರಗಿನ ಕಲ್ಲುಜಗಲಿಯ ಮೇಲೆ ಕೂತರು. ಮೊನ್ನೆಯಷ್ಟೇ ಸೇರಿದ್ದವನೊಬ್ಬನಿಗೆ ಮೈ ಅದುರುತ್ತಿತ್ತು. ಉಳಿದವರು ತಮ್ಮ ಅಂಗಿ ಬಿಚ್ಚಿ ಅವನಿಗೆ ಹೊದಿಸಿದರು. ಬಂದರಿಗೆ ಹೋಗುವ ಬಸ್ಸು ಬಂದು ನಿಂತಿತು, ಬರುತ್ತೀರಾ ಎಂದು ಕಂಡಕ್ಟರ್ ಕರೆದ. ಖತೀಬು ಅದನ್ನೇ ನೋಡುತ್ತಿದ್ದ. ನಾನು ಅವನ ಅಂಗಿಯ ತುದಿ ಹಿಡಿದುಕೊಂಡೆ. ಬಸ್ಸು ಹೋಯಿತು. ಇನ್ನೊಂದು ಬರುತ್ತದೆ, ಅದೂ ಗೊತ್ತಿತ್ತು.

ಶೇಹಾ ಅಧಿಕಾರಿಯ ಜೊತೆ ಬಂದು, ಜಗಲಿಯನ್ನೂ ಬಿಡಿ ಎಂದ.

"ಮೂರ್ ದಿನ ಅಲ್ಲಾಡಲ್ಲ," ಎಂದ ಖತೀಬು. "ಸಾವಿನ ಮನೆ ಇದು. ಬೀಗ ಹಾಕುದ್ರೂ ಸಾವಿನ ಮನೆಯೇ."

ಯಾವ ಮನೆಯಿಂದಲೂ ಯಾರೂ ಬರಲಿಲ್ಲ. ಒಗ್ಗರಣೆಯ ಸದ್ದು ಮಾತ್ರ ಕೇಳುತ್ತಿತ್ತು.

ಆಗ ಎದುರು ಬಾಗಿಲು ತೆರೆಯಿತು. ಶೇಹಾನ ತಾಯಿ ಬಿ ಮೀಜೆ, ಕಣ್ಣು ಮಂಜಾದ ಮುದುಕಿ, ಕೈಯಲ್ಲಿ ತಟ್ಟೆ ಹಿಡಿದು, ಕಾಲಲ್ಲಿ ದಾರಿ ತಡಕುತ್ತ ಹೊರಬಂದಳು.

"ಅವ್ವಾ, ಒಳಕ್ಕೋಗು," ಎಂದ ಮಗ.

ಅವಳು ಅವನನ್ನು ದಾಟಿ ಬಂದಳು. ಎಷ್ಟು ತೊಳೆದರೂ ಖತೀಬುವಿನ ಮೈಯ ನಾತ ಹೋಗಿರಲಿಲ್ಲ. ಅಧಿಕಾರಿ ದೂರವೇ ನಿಂತಿದ್ದ. ಬಿ ಮೀಜೆ ಆ ನಾತದ ಜಾಡು ಹಿಡಿದೇ ಖತೀಬುವಿನ ಪಕ್ಕಕ್ಕೆ ಬಂದು ಕೂತು, ತೆಂಗಿನಹಾಲಲ್ಲಿ ಬೇಯಿಸಿದ ಮರಗೆಣಸಿನ ತಟ್ಟೆಯನ್ನು ಎರಡೂ ಕೈಯಿಂದ ಅವನ ಕೈಗಿಟ್ಟಳು.